ನಕ್ಷತ್ರ ಚಿಹ್ನೆಯ ಕ್ಲೇನಿ

ಪಿಎಚ್‌ಪಿಯಲ್ಲಿ ಒಂದೇ ಹೆಸರಿನ ಎರಡು ಕ್ಲಾಸ್‌ಗಳು ಗೊಂದಲವಾಗದಂತೆ ಬೇರೆ ಬೇರೆ ನೇಮ್‌ಸ್ಪೇಸ್‌ಗಳಲ್ಲಿ ಇಡುತ್ತಾರೆ. ನೇಮ್‌ಸ್ಪೇಸ್‌ನ ಹೆಸರು ಸರಿಯಿದೆಯೇ ಎಂದು ನೋಡಲು ಒಂದು ಸಾಲಿನ ರೆಗ್ಯುಲರ್ ಎಕ್ಸ್‌ಪ್ರೆಷನ್ ಸಾಕು. ಆ ಸಾಲಿನಲ್ಲಿ ಬರುವ * ಚಿಹ್ನೆಗೆ ಕ್ಲೇನಿ ಸ್ಟಾರ್ ಎಂಬ ಹೆಸರಿದೆ. ಈ ಕ್ಲೇನಿ ಯಾರೆಂದು ಓದತೊಡಗಿದೆ.

ಸ್ಟೀಫನ್ ಕೋಲ್ ಕ್ಲೇನಿ 1909ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಹುಟ್ಟಿದರು. ತಾಯಿ ಕವಯಿತ್ರಿ. ತಂದೆ ಅರ್ಥಶಾಸ್ತ್ರದ ಪ್ರಾಧ್ಯಾಪಕರು (ನಮ್ಮ ಕಾಮರ್ಸ್‌ನವರು ಗಮನಿಸಿ). ಪ್ರಿನ್ಸ್‌ಟನ್‌ನಲ್ಲಿ ಅಲೊಂಜೊ ಚರ್ಚ್ ಅವರ ಬಳಿ ಓದಿ 1934ರಲ್ಲಿ ಪಿಎಚ್‌ಡಿ ಪಡೆದರು. ಬರೀ ಫಂಕ್ಷನ್‌ಗಳಿಂದಲೇ ಲೆಕ್ಕ ಮಾಡುವ ವಿಧಾನವೊಂದನ್ನು ಚರ್ಚ್ ಕಟ್ಟುತ್ತಿದ್ದರು. ಅದರಲ್ಲಿ ಕೂಡುವುದು ಸುಲಭ, ಒಂದನ್ನು ಕಳೆಯುವುದು ಮಾತ್ರ ಯಾರಿಗೂ ಬಗೆಹರಿದಿರಲಿಲ್ಲ. ದಂತವೈದ್ಯರಲ್ಲಿ ಬುದ್ಧಿಹಲ್ಲು ಕೀಳಿಸಿಕೊಳ್ಳುವಾಗ ಅದರ ದಾರಿ ಕ್ಲೇನಿಯವರಿಗೆ ಹೊಳೆಯಿತಂತೆ!

ಆಮೇಲೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪಾಠ, ಯುದ್ಧದ ವರ್ಷಗಳಲ್ಲಿ ನೌಕಾಪಡೆ, ಮತ್ತೆ ವಿಸ್ಕಾನ್ಸಿನ್.

1951ರ ಬೇಸಿಗೆಯಲ್ಲಿ ಅವರು ಕ್ಯಾಲಿಫೋರ್ನಿಯಾದ ರ‍್ಯಾಂಡ್ ಸಂಸ್ಥೆಗೆ ಹೋದರು. ಅಲ್ಲಿ ಮೆಕಲಕ್ ಮತ್ತು ಪಿಟ್ಸ್ 1943ರಲ್ಲಿ ನರಕೋಶಗಳ ಬಗ್ಗೆ ಬರೆದಿದ್ದ ಪ್ರಬಂಧ ಅವರ ಕೈಗೆ ಬಂತು. ಇಂಥ ನರಜಾಲ ಯಾವ ಯಾವ ಕ್ರಮಗಳನ್ನು ಗುರುತಿಸಬಲ್ಲದು ಎಂಬುದು ಕ್ಲೇನಿಯವರ ಪ್ರಶ್ನೆ. ಉತ್ತರಕ್ಕೆ ಮೂರೇ ಕೆಲಸ ಸಾಕಾದವು: ಇದು ಅಥವಾ ಅದು, ಇದಾದ ಮೇಲೆ ಅದು, ಮತ್ತೆ ಮತ್ತೆ ಅದೇ. ಆ ಮೂರನೆಯದೇ ನಕ್ಷತ್ರ. ಹೀಗೆ ಗುರುತಿಸಬಹುದಾದ ಕ್ರಮಗಳನ್ನು ಅವರು ರೆಗ್ಯುಲರ್ ಎಂದು ಕರೆದರು. ಇದಕ್ಕಿಂತ ಒಳ್ಳೆಯ ಹೆಸರಿದ್ದರೆ ತಿಳಿಸಿ ಎಂದು ಪ್ರಬಂಧದಲ್ಲೇ ಕೇಳಿಕೊಂಡರು. ಆ ಹೆಸರೇ ಉಳಿಯಿತು. ಪ್ರಬಂಧ 1956ರಲ್ಲಿ ಪ್ರಕಟವಾಯಿತು. ಅದನ್ನು ಕಂಪ್ಯೂಟರ್‌ನಲ್ಲಿ ಪದ ಹುಡುಕಲು ಬಳಸುವ ಕ್ರಮವನ್ನು ಕೆನ್ ಥಾಮ್ಸನ್ 1968ರಲ್ಲಿ ಪ್ರಕಟಿಸಿದರು.

ಈಗ ನೇಮ್‌ಸ್ಪೇಸ್ ನೋಡಿ. ಮೊದಲ ಚಿಹ್ನೆ ಅಕ್ಷರ ಅಥವಾ ಅಡಿಗೆರೆ ಆಗಿರಬೇಕು, ಅಂಕಿ ಆಗಬಾರದು. ಮುಂದಿನವು ಅಕ್ಷರ, ಅಂಕಿ, ಅಡಿಗೆರೆ ಏನೂ ಆಗಬಹುದು, ಅದಕ್ಕೊಂದು *. ಆಮೇಲೆ \ ಹಾಕಿ ಇನ್ನೊಂದು ಭಾಗ, ಅದಕ್ಕೂ ಒಂದು *. ನಕ್ಷತ್ರದ ಅರ್ಥ ಎಷ್ಟು ಸಲ ಬೇಕಾದರೂ, ಸೊನ್ನೆ ಸಲವೂ ಸರಿ. ಹಾಗಾಗಿ ಒಂದೇ ಭಾಗದ ಹೆಸರೂ ಪಾಸಾಗುತ್ತದೆ. * ಬದಲು + ಹಾಕಿದರೆ ಕನಿಷ್ಠ ಒಂದು ಸಲ ಬರಲೇಬೇಕು. ಒಂದೇ ಭಾಗದ ಹೆಸರು ಫೇಲ್.

ನನಗೆ ಇದು ಬರೀ ಪ್ರೋಗ್ರಾಮಿನ ವಿಷಯವಲ್ಲ. ನನ್ನ ತಂಗಿಯ ಹೆಸರು ಒಂದೇ ಪದ. ಒಂದು ಆನ್‌ಲೈನ್ ಸ್ಕಾಲರ್‌ಶಿಪ್ ಅರ್ಜಿ ಕೊನೆಯ ಹೆಸರಿಲ್ಲದೆ ಮುಂದೆ ಹೋಗಲಿಲ್ಲ. ಅಬ್ಬಾ ಅವರ ಹೆಸರು ತುಂಬಿದೆವು. ಆಧಾರ್‌ಗೆ ಹೊಂದುವುದಿಲ್ಲವೆಂದು ಅರ್ಜಿ ವಾಪಸ್ ಬಂತು. ನಮ್ಮ ಕಾಲೇಜಿನಲ್ಲೂ ಹೀಗೆ ಒಂದೇ ಪದದ ಹೆಸರಿನವರು ಅನೇಕರಿದ್ದಾರೆ. ಆ ಫಾರಂ ಬರೆದವರು ಸೊನ್ನೆಗೆ ಜಾಗ ಬಿಟ್ಟಿರಲಿಲ್ಲ.

ಕ್ಲೇನಿಯವರ ಹೆಸರನ್ನೂ ಜನ ಕ್ಲೀನ್, ಕ್ಲೀನಿ ಎಂದೆಲ್ಲ ಕರೆಯುತ್ತಾರೆ. ಅವರು ತಾವೇ ಹೇಳಿಕೊಳ್ಳುತ್ತಿದ್ದದ್ದು ಕ್ಲೇನಿ. ಬೆಟ್ಟ ಹತ್ತುವುದೆಂದರೆ ಅವರಿಗೆ ಬಹಳ ಇಷ್ಟ. 1990ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಬಂತು. 1994ರ ಜನವರಿಯಲ್ಲಿ ಮ್ಯಾಡಿಸನ್‌ನಲ್ಲಿ ತೀರಿಕೊಂಡರು. ಅಲ್ಲಿನ ವಿಶ್ವವಿದ್ಯಾಲಯದ ಗಣಿತ ಗ್ರಂಥಾಲಯಕ್ಕೆ ಅವರ ಹೆಸರನ್ನೇ ಇಟ್ಟರು.