ಲಾರೆನ್ಸನ ಗುಡುಗುಗಾಡಿ

ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿ ಮರವಂತೆಯಲ್ಲಿ ಕಡಲಿಗೂ ಸೌಪರ್ಣಿಕೆಗೂ ನಡುವೆ ಸಾಗುತ್ತದೆ. ಮಳೆಗಾಲದ ಗಾಳಿಗೆ ಅಲ್ಲಿ ಮೋಟಾರು ಸೈಕಲಿನ ಸವಾರನ ಕೈ ತಾನಾಗಿ ಬಿಗಿಯುತ್ತದೆ. ಬ್ರಹ್ಮಾವರದ ಕಡೆಯ ಉಪಾಧ್ಯಾಯ ಮಿತ್ರರೊಬ್ಬರು ಮೈಸೂರಿನಲ್ಲಿ ತಯಾರಾದ ಹಳೆಯ ಜಾವಾ ಒಂದನ್ನು ದುರಸ್ತಿ ಮಾಡಿಸುತ್ತಿದ್ದರು. ಹ್ಯಾಂಡಲಿನ ನಡುವೆ ಇರುವ ಸ್ಟಿಯರಿಂಗ್ ಡ್ಯಾಂಪರಿನ ತಿರುಪು ಇರಲೋ, ಕಳಚಿಬಿಡಲೋ ಎಂಬುದು ಅವರ ಚಿಂತೆ. ತಿರುಪನ್ನು ಬಿಗಿದರೆ ಒಳಗಿನ ಬಿಲ್ಲೆಗಳು ಒಂದನ್ನೊಂದು ಒತ್ತಿ, ವೇಗದಲ್ಲಿ ಮುಂದಿನ ಚಕ್ರ ಹಳ್ಳಕ್ಕೆ ಬಡಿದಾಗ ಹ್ಯಾಂಡಲು ಅದುರದಂತೆ ತಡೆಯುತ್ತವೆ. ಈ ಮಾತಿನ ನಡುವೆ ನನಗೆ ನೆನಪಾದವನು ಅರೇಬಿಯದ ಲಾರೆನ್ಸ್.

1888ರಲ್ಲಿ ವೇಲ್ಸಿನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಇತಿಹಾಸವನ್ನೋದಿ, ಯೂಫ್ರೆಟಿಸ್ ತೀರದ ಕಾರ್ಕೆಮಿಷಿನಲ್ಲಿ ಉತ್ಖನನದಲ್ಲಿ ತೊಡಗಿದ್ದ ಈ ಕುಳ್ಳ ಮನುಷ್ಯ, 1916ರಿಂದ ಎರಡು ವರ್ಷ ತುರ್ಕರ ವಿರುದ್ಧ ಅರಬರ ದಂಗೆಯಲ್ಲಿ ಒಂಟೆಯೇರಿ ಕಾದಿದ. ಅರಬರಿಗೆ ಸ್ವಾತಂತ್ರ್ಯದ ಆಸೆ ತೋರಿಸಿದ ಬ್ರಿಟನ್ನೇ ಫ್ರಾನ್ಸಿನೊಡನೆ ಅವರ ನಾಡನ್ನು ಹಂಚಿಕೊಳ್ಳಲು ಗುಟ್ಟಾಗಿ ಒಪ್ಪಿತ್ತು. ಆ ವಂಚನೆಯಲ್ಲಿ ತನ್ನ ಪಾಲೂ ಉಂಟೆಂಬ ಅರಿವು ಆತನನ್ನು ಬಿಡಲಿಲ್ಲ. ಕೀರ್ತಿಯಿಂದ ತಲೆತಪ್ಪಿಸಿಕೊಳ್ಳಲು 1922ರಲ್ಲಿ ಹೆಸರು ಬದಲಿಸಿ ವಾಯುದಳದಲ್ಲಿ ಸಾಮಾನ್ಯ ಭಟನಾದ. 1927ರಲ್ಲಿ ಕರಾಚಿಗೂ ಮರುವರ್ಷ ವಾಯವ್ಯ ಗಡಿಯ ಮೀರಾನ್‌ಷಾಗೂ ಬಂದ. ಹೋಮರನ ಒಡಿಸ್ಸಿಯ ಅನುವಾದಕ್ಕೆ ಕೈಹಾಕಿದ್ದು ಹೀಗೆ ನಮ್ಮ ಉಪಖಂಡದಲ್ಲಿದ್ದಾಗಲೇ.

ಆತನ ನಿಜವಾದ ಏಕಾಂತ ಮಾತ್ರ ಮೋಟಾರು ಸೈಕಲಿನ ಮೇಲೆ. ನಾಟಿಂಗ್‌ಹ್ಯಾಮಿನ ಜಾರ್ಜ್ ಬ್ರಫ್ ತಯಾರಿಸುತ್ತಿದ್ದ ಬ್ರಫ್ ಸುಪೀರಿಯರ್ ಗಾಡಿಗಳಲ್ಲಿ ಏಳನ್ನು ಒಂದರ ನಂತರ ಒಂದರಂತೆ ಕೊಂಡು, ಎಂಟನೆಯದಕ್ಕೂ ಹೇಳಿಟ್ಟಿದ್ದ. ಗಂಟೆಗೆ 100 ಮೈಲಿ ಓಡಬಲ್ಲದೆಂದು ತಯಾರಕನೇ ಭರವಸೆ ಕೊಟ್ಟು ಮಾರುತ್ತಿದ್ದ ಮಾದರಿಯೂ ಅವುಗಳಲ್ಲಿತ್ತು. ಗುಡುಗಿನ ಮಕ್ಕಳು ಎಂಬರ್ಥದ ಬೈಬಲಿನ ಹೆಸರೊಂದನ್ನು ಆತ ತನ್ನ ಗಾಡಿಗೆ ಇಟ್ಟಿದ್ದ.

1935ರಲ್ಲಿ ಸೇವೆ ಮುಗಿಸಿ ಡಾರ್ಸೆಟಿನ ಕ್ಲೌಡ್ಸ್ ಹಿಲ್ ಎಂಬ ಪುಟ್ಟ ಮನೆಗೆ ಬಂದ. ಆ ಮೇ 13ರಂದು ಹತ್ತಿರದ ಸೇನಾಶಿಬಿರದಲ್ಲಿ ತಂತಿ ಕೊಟ್ಟು ಮರಳುವಾಗ, ರಸ್ತೆಯ ತಗ್ಗಿನಲ್ಲಿ ಸೈಕಲಿನ ಮೇಲೆ ಹೋಗುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಉರುಳಿಬಿದ್ದ. ಗಾಡಿ ಎರಡನೆಯ ಗೇರಿನಲ್ಲೇ ಇತ್ತು; ಆ ಗೇರಿನಲ್ಲಿ 38 ಮೈಲಿಗಿಂತ ಹೆಚ್ಚಿನ ವೇಗ ಬಾರದು. ಅದುರಿಕೆಯನ್ನು ತಡೆಯುವ ಯಾವ ಸಲಕರಣೆಯಿಂದಲೂ ಅಂಥ ಗಳಿಗೆಯಲ್ಲಿ ಪ್ರಯೋಜನವಿಲ್ಲ. ಅಲ್ಲಿ ಬೇಕಾದುದು ಥಟ್ಟನೆ ತಿರುಗುವ ಹ್ಯಾಂಡಲು. ಪ್ರಜ್ಞೆ ಮರಳದೆ ಮೇ 19ರಂದು ತೀರಿಕೊಂಡಾಗ ಆತನಿಗೆ 46 ವರ್ಷ. ಚಿಕಿತ್ಸೆಗೆ ಬಂದಿದ್ದ ನರಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಆ ಸಾವನ್ನು ಮರೆಯಲಿಲ್ಲ. ಆತನ ಸಂಶೋಧನೆಯ ಬಲದಿಂದ 1941ರಲ್ಲಿ ಬ್ರಿಟಿಷ್ ಸೇನೆಯ ಮೋಟಾರು ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಯಿತು.

ಮಿತ್ರರು ಡ್ಯಾಂಪರನ್ನು ಕಳಚಲಿಲ್ಲ. ಕುಂದಾಪುರದ ಪೇಟೆಯೊಳಗೆ ತಿರುಪನ್ನು ಪೂರ್ತಿ ಸಡಿಲಿಸುತ್ತಾರೆ. ತ್ರಾಸಿ ದಾಟಿದ ಮೇಲೆ ಅರ್ಧ ಸುತ್ತು ಬಿಗಿಯುತ್ತಾರೆ. ಹೆಲ್ಮೆಟನ್ನು ಮಾತ್ರ ಈಗಲೂ ಒಮ್ಮೊಮ್ಮೆ ಶಾಲೆಯಲ್ಲೇ ಮರೆತು ಹೊರಡುತ್ತಾರೆ.