ಸರ್ ಮಿರ್ಜಾ ಇಸ್ಮಾಯಿಲರೂ ಊರ ಬೀದಿಗಳೂ

ಮಳೆಗಾಲವು ಸಮೀಪಿಸಿದಾಗಲೆಲ್ಲ ಗೋಕಾಕ, ಮೂಡಲಗಿ, ಹುಕ್ಕೇರಿಗಳಂಥ ಊರುಗಳಲ್ಲಿ ಓಣಿ-ಗಟಾರಗಳ ಮಾತು ಏಳುವುದು ಸಹಜವೇ. ಇಂಥ ಸಮಯದಲ್ಲಿ ದಿವಂಗತ ಸರ್ ಮಿರ್ಜಾ ಇಸ್ಮಾಯಿಲರ ಜೀವನವನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಪರ್ಷಿಯಾದಿಂದ ಬಂದು ನೆಲಸಿದ ಮನೆತನದಲ್ಲಿ, 1883ರಲ್ಲಿ, ಮಿರ್ಜಾರವರು ಬೆಂಗಳೂರಿನಲ್ಲಿ ಜನಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರವರ ಸಹಪಾಠಿಗಳಾಗಿದ್ದು, ಮುಂದೆ ಅವರ ಖಾಸಗಿ ಕಾರ್ಯದರ್ಶಿಗಳಾಗಿ, 1926ರಿಂದ 1941ರ ವರೆಗೆ ಮೈಸೂರು ಸಂಸ್ಥಾನದ ದಿವಾನಗಿರಿಯನ್ನು ವಹಿಸಿದರು. ಸಂಸ್ಥಾನದ ಹಿರಿಯ ಕಾರಭಾರಗಳ ನಡುವೆಯೂ ಬೆಳಗಿನ ಹೊತ್ತು ಸ್ವತಃ ಬೀದಿಗಳಲ್ಲಿ ಸಂಚರಿಸಿ, ಕಸ, ಕಟ್ಟಿದ ಗಟಾರ, ಒಣಗಿದ ಸಾಲುಮರಗಳನ್ನು ಕಂಡು, ಸಂಬಂಧಪಟ್ಟವರಿಗೆ ತಿಳಿಸುವುದು ಅವರ ವಾಡಿಕೆಯಾಗಿತ್ತು. ದಿವಾನರು ಯಾವ ಬೀದಿಗೆ ಬರುವರೋ ಎಂಬ ಎಚ್ಚರವೇ ಅರ್ಧ ಕೆಲಸವನ್ನು ಮಾಡಿಸುತ್ತಿತ್ತು. 1942ರಲ್ಲಿ ಜಯಪುರದ ಪ್ರಧಾನಿಯಾಗಿ ಹೋದಲ್ಲಿಯೂ ನಗರವನ್ನು ಅಂದಗೊಳಿಸಿದರು. ಅಲ್ಲಿಯ ಹೆದ್ದಾರಿಯೊಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ. 1959ರ ಜನವರಿ 5ರಂದು ನಿಧನರಾದರು.

ಗುಣವನ್ನು ಹೇಳುವವರು ದೋಷವನ್ನು ಮುಚ್ಚಿಡಲಾಗದು. ಅವರ ದಿವಾನಗಿರಿಯಲ್ಲಿಯೇ, 1938ರ ಏಪ್ರಿಲ್ 25ರಂದು, ಧ್ವಜಾರೋಹಣಕ್ಕಾಗಿ ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಗೋಲೀಬಾರು ನಡೆದು ಪ್ರಾಣಹಾನಿಯಾಯಿತು. ಜವಾಬ್ದಾರಿ ಸರಕಾರದ ಬೇಡಿಕೆಗೆ ಅವರು ಮಣಿಯಲಿಲ್ಲ. ಓಣಿಯ ಕೊರತೆಯನ್ನು ಕಂಡ ಕಣ್ಣು ಪ್ರಜೆಯ ಹಕ್ಕನ್ನು ಕಾಣದೆ ಹೋದುದು ವಿಷಾದದ ಸಂಗತಿ. ಒಬ್ಬರ ಎಚ್ಚರದ ಮೇಲೆ ನಿಂತ ಶುಚಿತ್ವವು ಆ ಒಬ್ಬರೊಡನೆಯೇ ತೆರಳುವ ಭಯವೂ ಉಂಟು.

ಇಂದು ದಿವಾನರಿಲ್ಲ, ನಾವೇ ಆರಿಸಿದ ನಗರಸಭೆ, ಪುರಸಭೆಗಳಿವೆ. ಬೀದಿ ಗುಡಿಸುವುದು, ದೀಪ ಹಚ್ಚಿಸುವುದು, ಗಟಾರವನ್ನು ಸುಸ್ಥಿತಿಯಲ್ಲಿಡುವುದು 1964ರ ಕಾಯಿದೆಯು ಅವುಗಳಿಗೆ ವಿಧಿಸಿದ ಕಡ್ಡಾಯ ಕರ್ತವ್ಯ. ರಸ್ತೆಯ ಪರಮ ಶತ್ರು ನಿಂತ ನೀರು. ಗಟಾರದ ಹೂಳನ್ನು ತೆಗೆಯದೆ ಮೇಲೆ ಎಷ್ಟು ಡಾಂಬರು ಸುರಿದರೂ ಅದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ ಸರಿ. 2019ರ ಆಗಸ್ಟಿನಲ್ಲಿ ಘಟಪ್ರಭೆಯು ಗೋಕಾಕದ ತಗ್ಗಿನ ಓಣಿಗಳನ್ನು ಹೊಕ್ಕುದನ್ನು ಜನರು ಮರೆತಿಲ್ಲ. ಹೊಳೆಯ ಪೂರವನ್ನು ಗಟಾರವು ತಡೆಯಲಾರದು, ನಿಜ. ಪೂರವಿಳಿದ ಮೇಲೆ ನೀರು ಓಣಿಯಲ್ಲಿಯೇ ಕೊಳೆಯುವಂತೆ ಮಾಡುವುದು ಮಾತ್ರ ಹೂಳು ತುಂಬಿದ ಗಟಾರವೇ.

ಆದುದರಿಂದ ಸದಸ್ಯರೂ ಅಧಿಕಾರಿಗಳೂ ವಾರಕ್ಕೊಂದು ಬೆಳಿಗ್ಗೆಯಾದರೂ ತಮ್ಮ ವಾರ್ಡಿನ ಹಿಂದಿನ ಓಣಿಗಳನ್ನು ಕಾಲ್ನಡಿಗೆಯಿಂದ ಸುತ್ತಲಿ. ಕಂಡುದನ್ನು ಸಭೆಯಲ್ಲಿ ದಾಖಲಿಸಲಿ. ನಾಗರಿಕರೂ ಕಸವನ್ನು ಗಟಾರಕ್ಕೆ ನೂಕದಿರಲಿ. ದಿವಾನರ ಕಣ್ಣು ಪ್ರಜೆಗಳ ಕಣ್ಣಾದರೆ, ಮಿರ್ಜಾರವರಲ್ಲಿ ಗ್ರಾಹ್ಯವಾದುದನ್ನು ಸ್ವೀಕರಿಸಿ, ತ್ಯಾಜ್ಯವಾದುದನ್ನು ಬಿಟ್ಟಂತಾಗುವುದು.