ಅಲ್ಲಮ ಕೇಳಿದ ಪ್ರಶ್ನೆ

ನಮ್ಮ ತೊಗರ್ಸಿಯಂತೆಯೇ ಬಳ್ಳಿಗಾವಿಯೂ ಶಿಕಾರಿಪುರ ತಾಲ್ಲೂಕಿನ ಊರು. 12ನೇ ಶತಮಾನದ ಅಲ್ಲಮಪ್ರಭು ಅಲ್ಲಿಯವನು. ಮದ್ದಳೆ ನುಡಿಸುವುದರಲ್ಲಿ ನಿಪುಣ.

ಹರಿಹರನ ರಗಳೆಯ ಪ್ರಕಾರ, ಪ್ರೀತಿಸಿದ ಕಾಮಲತೆ ಜ್ವರ ಬಂದು ತೀರಿಕೊಂಡಾಗ ಅವನಿಗೆ ಬದುಕೇ ಬೇಡವಾಯಿತು. ಅಲೆಯುತ್ತಾ ಬಂದು ತೋಟವೊಂದರಲ್ಲಿ ಕುಳಿತು ಕಾಲುಗುರಿನಿಂದ ನೆಲ ಕೆದಕುವಾಗ ಕಳಸ ಕಂಡಿತು. ಅಗೆಸಿದರೆ ಹೂತುಹೋದ ಗುಡಿ, ಒಳಗೆ ಅನಿಮಿಷಯ್ಯ. ಅವನ ಕೈಯಲ್ಲಿದ್ದ ಲಿಂಗ ಅಲ್ಲಮನದಾಯಿತು.

ಮುಂದೆ ಕಲ್ಯಾಣದಲ್ಲಿ ಶೂನ್ಯಸಿಂಹಾಸನವೇರಿದ. ಸೊನ್ನಲಿಗೆಯಲ್ಲಿ ಕೆರೆ, ಗುಡಿ ಕಟ್ಟಿಸುತ್ತಿದ್ದ ಸಿದ್ಧರಾಮನಿಗೆ, ತನ್ನನ್ನು ತಾನು ಅರಿಯದಿದ್ದರೆ ಒಳ್ಳೆಯ ಕೆಲಸವೂ ಹಮ್ಮಾಗುತ್ತದೆ ಎಂದು ತೋರಿಸಿಕೊಟ್ಟ.

ಇಂಟರ್‌ವ್ಯೂನಲ್ಲಿ ನಿಮ್ಮ ಬಗ್ಗೆ ಹೇಳಿ ಎಂದರೆ ನಾವು ಡಿಗ್ರಿ, ಅಂಕ ಹೇಳಿ ಸುಮ್ಮನಾಗುತ್ತೇವೆ. ಕೆಲಸ ಸಿಗಲಿ, ಸಿಗದಿರಲಿ, ನಾನು ಯಾರು ಎಂಬ ಅಲ್ಲಮನ ಪ್ರಶ್ನೆಗೆ ಉತ್ತರ ಹುಡುಕುವುದು ಬಾಕಿಯೇ ಇರುತ್ತದೆ.